ಚೀಲದೊಳಗಿನ ಅಡುಗೆ: ಅರವತ್ತು ಡಿಗ್ರಿಯ ಆಚೆ ಈಚೆ

2008ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುತ್ತಿತ್ತು. ಒಲೆಯ ಮೇಲಿನ ಅಡುಗೆ ಅರ್ಧಕ್ಕೆ ನಿಂತುಬಿಡುತ್ತಿತ್ತು. ಕುದಿಯುವ ಪಾತ್ರೆಯನ್ನು ದಿಂಬುಗಳ ನಡುವೆ ಹುದುಗಿಸಿಡುವ ಅಜ್ಜಿಯ ಉಪಾಯವನ್ನು ನೆನಪಿಸಿಕೊಂಡ ಸಾರಾ ಕಾಲಿನ್ಸ್, ಅದಕ್ಕೊಂದು ದಪ್ಪನೆಯ ಬಟ್ಟೆಚೀಲ ಹೊಲಿಸಿ ‘ವಂಡರ್‌ಬ್ಯಾಗ್’ ಎಂದು ಹೆಸರಿಟ್ಟರು. ಒಲೆಯ ಮೇಲೆ ಚೆನ್ನಾಗಿ ಕುದಿಸುವುದು, ಮುಚ್ಚಳ ಸಮೇತ ಚೀಲದಲ್ಲಿಟ್ಟು ಬಿಗಿಯುವುದು, ಗಂಟೆಗಟ್ಟಲೆ ಬಿಡುವುದು. ಇಷ್ಟೇ ವಿಧಾನ.

ಉಪಾಯವೇನೋ ಅದಕ್ಕಿಂತ ಬಹಳ ಹಳೆಯದು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆಯ ಯೋಹಾನ್ ಸೋರೆನ್ಸನ್ ಇಂಥದೇ ಒಂದು ಪೆಟ್ಟಿಗೆಯನ್ನು ತೋರಿಸಿದ್ದ. ಯುದ್ಧಕಾಲದ ಬ್ರಿಟನ್ನಿನ ಗೃಹಿಣಿಯರು ಇಂಧನ ಉಳಿಸಲು ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಅಡುಗೆ ಬೇಯಲು ಇಡುತ್ತಿದ್ದರು. ಪಕ್ಕದ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ‘ಚೂಡಾರಾಪೆಟ್ಟಿ’ ಎಂಬ ಇಂಥದೇ ಪೆಟ್ಟಿಗೆಯನ್ನು ಮನೆಮನೆಗೆ ಮುಟ್ಟಿಸಿತು. ಮಂಗಳೂರು, ಉಡುಪಿ ಕಡೆ ಕುಚ್ಚಲಕ್ಕಿ ಅನ್ನಕ್ಕೆಂದೇ ಇದೇ ತತ್ತ್ವದ ಥರ್ಮಲ್ ಕುಕ್ಕರ್ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಗ್ಯಾಸ್ ಉಳಿಯುತ್ತದೆ, ತಳ ಹಿಡಿಯುವುದಿಲ್ಲ, ಒಲೆಯ ಮುಂದೆ ಕಾಯುವ ಕೆಲಸವಿಲ್ಲ. ಈ ಮೂರೂ ನಿಜ. ಇವುಗಳ ಜೊತೆಗೆ ಅಂಟಿಕೊಂಡು ಬಂದಿರುವ ಕೆಲವು ನಂಬಿಕೆಗಳು ಮಾತ್ರ ಹೊಟ್ಟೆ ಕೆಡಿಸುವಂಥವು.

“ಚೀಲದೊಳಗೆ ಅಡುಗೆ ಬೇಯುತ್ತಲೇ ಇರುತ್ತದೆ, ಸ್ಲೋ ಕುಕ್ಕರ್ ಇದ್ದ ಹಾಗೆ”

ಇದು ಮೂಲ ತಪ್ಪು, ಉಳಿದವು ಇದರ ಮರಿಗಳು. ವಿದ್ಯುತ್ ಸ್ಲೋ ಕುಕ್ಕರಿನ ಒಳಗೆ ಕಾಯಿಲ್ ಇದೆ. ಅದು ನಿಧಾನವಾಗಿಯಾದರೂ ಬಿಸಿಯನ್ನು ಕೊಡುತ್ತಲೇ ಇರುತ್ತದೆ, ಕಳೆದುಹೋದಷ್ಟನ್ನು ತುಂಬಿಕೊಡುತ್ತದೆ. ಚೀಲ ಒಂದು ಡಿಗ್ರಿ ಶಾಖವನ್ನೂ ಹುಟ್ಟಿಸುವುದಿಲ್ಲ. ಒಲೆಯಿಂದ ಇಳಿಸಿದ ಕ್ಷಣದಿಂದ ಪಾತ್ರೆಯ ಉಷ್ಣತೆ ಇಳಿಮುಖವೇ. ಚೀಲ ಮಾಡುವುದು ಆ ಇಳಿತವನ್ನು ನಿಧಾನಿಸುವ ಕೆಲಸ ಮಾತ್ರ. ಸ್ಲೋ ಕುಕ್ಕರಿನ ಪಾಕವಿಧಾನ ಪುಸ್ತಕ ಹಿಡಿದು, ಎಲ್ಲವನ್ನೂ ಹಸಿಯಾಗಿ ಪಾತ್ರೆಗೆ ಹಾಕಿ, ಒಂದು ಕುದಿ ಬರಿಸಿ ಚೀಲಕ್ಕಿಡುವವರು ಎಡವುವುದು ಇಲ್ಲೇ. ಮೇಲಿನ ನೀರು ಕುದಿದಿರುತ್ತದೆ. ಒಳಗಿನ ಆಲೂಗಡ್ಡೆಯ, ಮಾಂಸದ ನಡುಭಾಗ ಇನ್ನೂ ತಣ್ಣಗಿರುತ್ತದೆ. ಚೀಲ ಮುಚ್ಚಿದ ಮೇಲೆ ಆ ತಣ್ಣನೆಯ ಒಡಲು ಸುತ್ತಲಿನ ನೀರಿನ ಬಿಸಿಯನ್ನು ಹೀರಿಕೊಂಡು ಇಡೀ ಪಾತ್ರೆಯನ್ನೇ ಕೆಳಕ್ಕೆ ಎಳೆಯುತ್ತದೆ.

ಹಾಗಾಗಿ ಚೀಲಕ್ಕೆ ಹೋಗುವ ಮುನ್ನ ಒಲೆಯ ಮೇಲೆ ಎಷ್ಟು ಹೊತ್ತು ಕುದಿಯಿತು ಎಂಬುದೇ ಮುಖ್ಯ. ಸಣ್ಣಗೆ ಹೆಚ್ಚಿದ ತರಕಾರಿಗೂ ಬೇಳೆಗೂ ಮುಚ್ಚಳ ಮುಚ್ಚಿ ಹತ್ತು ನಿಮಿಷ, ಮಾಂಸದ ತುಂಡುಗಳಿಗೆ ಹದಿನೈದಿಪ್ಪತ್ತು ನಿಮಿಷ ಬೇಕೇ ಬೇಕು. ಬೆಂಗಳೂರಿನವರು ಇನ್ನೊಂದು ಸಂಗತಿ ನೆನಪಿಡಬಹುದು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಆ ಊರಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಮಂಗಳೂರಿನ ನೆಂಟರು ಹೇಳಿದ ಗಂಟೆ-ನಿಮಿಷದ ಲೆಕ್ಕ ಘಟ್ಟದ ಮೇಲೆ ಹಾಗೆಯೇ ಹೊಂದುವುದಿಲ್ಲ.

ಪಾತ್ರೆ ಎಷ್ಟು ತುಂಬಿದೆ ಎಂಬುದೂ ಅಷ್ಟೇ ದೊಡ್ಡ ಸಂಗತಿ. ನಾಲ್ಕು ಲೀಟರಿನ ಪಾತ್ರೆಯಲ್ಲಿ ಎರಡೇ ಲೀಟರ್ ಹುಳಿ ಇದ್ದರೆ, ಒಳಗಿರುವ ಶಾಖ ಅರ್ಧಕ್ಕೆ ಇಳಿಯಿತು. ಶಾಖ ಸೋರುವ ಮೈ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅದು ಸುಮಾರು ಎರಡು ಪಟ್ಟು ಬೇಗ ತಣಿಯುತ್ತದೆ. ಇಬ್ಬರಿಗೆ ಅಡುಗೆ ಮಾಡುವವರು ಆರು ಜನರ ಪಾತ್ರೆ ಬಳಸಿ, ಆರು ಜನರ ಲೆಕ್ಕದ ಗಂಟೆಗಳನ್ನೇ ನಂಬುವುದು ತರವಲ್ಲ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಇಲ್ಲವೇ ಚಿಕ್ಕ ಪಾತ್ರೆ ಹುಡುಕಬೇಕು. ಉದ್ದ ಹಿಡಿಯ ಬಾಣಲೆ ಬೇಡವೇ ಬೇಡ. ಹಿಡಿ ಸಿಕ್ಕಿಕೊಂಡು ಚೀಲದ ಬಾಯಿ ಸರಿಯಾಗಿ ಮುಚ್ಚುವುದಿಲ್ಲ.

“ಮುಟ್ಟಿದರೆ ಕೈ ಸುಡುತ್ತಿದೆ, ಆವಿ ಏಳುತ್ತಿದೆ, ಇನ್ನೇನು ಬೇಕು?”

ಐವತ್ತು ಡಿಗ್ರಿ ನೀರಿನಲ್ಲಿ ಬೆರಳಿಟ್ಟರೂ ನೀವು ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ನಮ್ಮ ಚರ್ಮಕ್ಕೆ ನಲವತ್ತೈದು ದಾಟಿದರೆ ಸಾಕು, ನೋವು ಶುರು. ಆಹಾರ ಸುರಕ್ಷತೆಯ ಗೆರೆ ಇರುವುದು ಅದಕ್ಕಿಂತ ಮೇಲೆ, ಅರವತ್ತರಲ್ಲಿ. 5ರಿಂದ 60 ಡಿಗ್ರಿಯ ನಡುವಿನದು ಅಪಾಯದ ವಲಯ, ಬಿಸಿ ಆಹಾರವನ್ನು 60ಕ್ಕಿಂತ ಮೇಲೆ ಇಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಬ್ರಿಟನ್ನಿನ ಹೋಟೆಲುಗಳಿಗೆ ಈ ಗೆರೆ 63 ಡಿಗ್ರಿ. ಕೈಗೆ ‘ಬಿಸಿಬಿಸಿ’ ಅನಿಸುವ 50 ಡಿಗ್ರಿಯ ಸಾರು ಈ ಲೆಕ್ಕದಲ್ಲಿ ಆಗಲೇ ಗಡಿಯ ತಪ್ಪು ಬದಿಯಲ್ಲಿರುತ್ತದೆ.

ಇದಕ್ಕೆ ಪುರಾವೆ ಚೀಲದ ಬಳಕೆಯಲ್ಲೇ ಇದೆ. ಇದೇ ಚೀಲದಲ್ಲಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಗಟ್ಟಿ ಮೊಸರಾಗುತ್ತದೆ ಎಂದು ಬಳಸುವವರು ಹೊಗಳುತ್ತಾರೆ. ಹೌದು, ಆಗುತ್ತದೆ. ನಲವತ್ತರಿಂದ ನಲವತ್ತೈದು ಡಿಗ್ರಿಯನ್ನು ಗಂಟೆಗಟ್ಟಲೆ ಕದಲದಂತೆ ಹಿಡಿದಿಡುವುದೆಂದರೆ ಬ್ಯಾಕ್ಟೀರಿಯಾಗಳನ್ನು ಸಾಕುವ ಕೆಲಸ. ಹೆಪ್ಪಿನಲ್ಲಿರುವುದು ನಮಗೆ ಬೇಕಾದ ಬ್ಯಾಕ್ಟೀರಿಯಾ, ಅದು ಹುಳಿ ಹುಟ್ಟಿಸಿ ಬೇರೆಯವನ್ನು ದೂರ ಇಡುತ್ತದೆ. ಕೋಳಿ ಸಾರಿಗೆ ಹೆಪ್ಪು ಹಾಕುವವರು ಯಾರೂ ಇಲ್ಲ. ಅಲ್ಲಿ ಬೆಳೆಯುವುದು ಬೇರೆಯದೇ.

ಹಾಗಾಗಿ ಒಂದು ಥರ್ಮಾಮೀಟರ್ ಕೊಳ್ಳಿ. ಜ್ವರ ನೋಡುವುದಲ್ಲ, ಅದರ ಅಳತೆ ನಲವತ್ತೆರಡರ ಹತ್ತಿರವೇ ಮುಗಿದುಹೋಗುತ್ತದೆ. ಕಡ್ಡಿಯಂಥ ಮೊನೆ ಇರುವ ಅಡುಗೆ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚೀಲಕ್ಕೆ ಸಾವಿರಾರು ಕೊಟ್ಟವರು ಇದಕ್ಕೆ ಚೌಕಾಸಿ ಮಾಡುವುದು ನನಗಂತೂ ಅರ್ಥವಾಗುವುದಿಲ್ಲ. ತಂದ ದಿನ ಕರಗುತ್ತಿರುವ ಐಸ್ ನೀರಿನಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ 97 ತೋರಿಸಿದರೆ ಬೆಂಗಳೂರಿನವರು ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಚೀಲ ಬಿಚ್ಚಿದ ಕೂಡಲೇ ಪಾತ್ರೆಯ ನಡುವಿಗೆ ಚುಚ್ಚಿ. 60ರ ಮೇಲಿದ್ದರೆ ಬಡಿಸಿ. 60ಕ್ಕಿಂತ ಕೆಳಗೆ ಇಳಿದು ಎಷ್ಟು ಹೊತ್ತಾಯಿತು ಎಂಬುದು ಗೊತ್ತಿಲ್ಲದಿದ್ದರೆ ಚೆಲ್ಲಿ. ಎರಡನೆಯ ಮಾತು ಯಾರಿಗೂ ಹಿಡಿಸುವುದಿಲ್ಲ, ಆದರೂ ಬೇರೆ ದಾರಿಯಿಲ್ಲ.

“ಚೆನ್ನಾಗಿ ಕುದ್ದಿದೆ, ಮುಚ್ಚಳ ತೆಗೆದೇ ಇಲ್ಲ. ರೋಗಾಣು ಒಳಗೆ ಬರುವುದಾದರೂ ಎಲ್ಲಿಂದ?”

ಬರಬೇಕಾಗಿಲ್ಲ, ಒಳಗೇ ಇರುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಕಗಳಾಗಿ ನಿದ್ದೆಗೆ ಜಾರುತ್ತವೆ. ನೂರು ಡಿಗ್ರಿಯಲ್ಲಿ ಕುದಿಸಿದರೂ ಈ ಬೀಜಕಗಳಲ್ಲಿ ಎಷ್ಟೋ ಬದುಕುಳಿಯುತ್ತವೆ. ಮಾಂಸದಲ್ಲಿ, ಮಣ್ಣು ತಾಗಿದ ತರಕಾರಿಯಲ್ಲಿ, ಮೆಣಸು-ಕೊತ್ತಂಬರಿಯಂಥ ಸಾಂಬಾರ ಪದಾರ್ಥಗಳಲ್ಲಿ ಇವು ಸಾಮಾನ್ಯ. ಚೀಲದ ಅಡುಗೆಯ ಮಟ್ಟಿಗೆ ಇವರಲ್ಲಿ ಮುಖ್ಯ ಖಳ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದಕ್ಕೆ ಆಮ್ಲಜನಕ ಬೇಡ. ಕುದಿತ ಸಾರಿನಲ್ಲಿದ್ದ ಆಮ್ಲಜನಕವನ್ನು ಹೊರದೂಡಿರುತ್ತದೆ, ಮುಚ್ಚಳ ಹೊಸದನ್ನು ಬಿಡುವುದಿಲ್ಲ. ಬೇಯಿಸಿದ ಶಾಖವೇ ನಿದ್ದೆಯಲ್ಲಿದ್ದ ಬೀಜಕವನ್ನು ಎಬ್ಬಿಸುತ್ತದೆ, ಪೈಪೋಟಿ ಕೊಡಬಹುದಾಗಿದ್ದ ಬೇರೆ ಬ್ಯಾಕ್ಟೀರಿಯಾಗಳು ಅಷ್ಟರಲ್ಲಿ ಸತ್ತಿರುತ್ತವೆ. ಪಾತ್ರೆ ಐವತ್ತಕ್ಕೆ ಇಳಿಯುವುದನ್ನೇ ಅದು ಕಾದಿರುತ್ತದೆ.

ಆಮೇಲಿನ ವೇಗ ನೋಡಿ. 43ರಿಂದ 47 ಡಿಗ್ರಿಯ ನಡುವೆ ಇದು ಹತ್ತು ನಿಮಿಷದ ಆಸುಪಾಸಿನಲ್ಲಿ ಇಮ್ಮಡಿಯಾಗಬಲ್ಲದು. ಒಂದು ಗ್ರಾಮಿನಲ್ಲಿ ನೂರು ಇದ್ದವು ಅಂದುಕೊಳ್ಳಿ. ಎಚ್ಚೆತ್ತು ಹೊಂದಿಕೊಳ್ಳುವ ಹೊತ್ತನ್ನು ಬಿಟ್ಟರೆ, ಎರಡು ಗಂಟೆಯಲ್ಲಿ ಹನ್ನೆರಡು ಸಲ ಇಮ್ಮಡಿಯಾಗಿ ನಾಲ್ಕು ಲಕ್ಷ ದಾಟುತ್ತವೆ. ಮೂರು ಗಂಟೆಗೆ ಎರಡೂವರೆ ಕೋಟಿ. ಗ್ರಾಮಿಗೆ ಹತ್ತು ಲಕ್ಷ ಮುಟ್ಟಿದರೆ ಹೊಟ್ಟೆ ಕೆಡಿಸಲು ಸಾಕು. ಉಂಡ ಎಂಟರಿಂದ ಹದಿನಾರು ಗಂಟೆಯ ಬಳಿಕ ಹೊಟ್ಟೆ ಹಿಂಡಿ ಭೇದಿ ಶುರುವಾಗುತ್ತದೆ, ಬಹುತೇಕರಿಗೆ ಒಂದು ದಿನದಲ್ಲಿ ನಿಲ್ಲುತ್ತದೆ. ಇಷ್ಟು ತಡವಾಗಿ ಬರುವುದರಿಂದಲೇ ಯಾರೂ ಹಿಂದಿನ ಮಧ್ಯಾಹ್ನದ ಸಾರನ್ನು ದೂರುವುದಿಲ್ಲ. ಬೆಳಿಗ್ಗೆ ತಿಂದ ಇಡ್ಲಿಗೆ ಕೆಟ್ಟ ಹೆಸರು ಬರುತ್ತದೆ.

ಚೀಲ ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ ಎಂಬ ಅದರ ಗುಣವೇ ಇಲ್ಲಿ ದೋಷವಾಗುವುದನ್ನು ಗಮನಿಸಿ. ತೆರೆದಿಟ್ಟ ಪಾತ್ರೆ ಐವತ್ತರಿಂದ ಮೂವತ್ತೈದಕ್ಕೆ ಬೇಗ ಇಳಿದುಬಿಡುತ್ತದೆ. ಚೀಲದಲ್ಲಿರುವುದು ಅದೇ ಹಾದಿಯನ್ನು ಗಂಟೆಗಟ್ಟಲೆ ಸವೆಸುತ್ತದೆ.

“ರಾಜ್ಮಾ ರಾತ್ರಿಯಿಡೀ ಚೀಲದಲ್ಲಿದ್ದರೆ ಬೆಣ್ಣೆಯಂತೆ ಬೇಯುತ್ತದೆ”

ಬೇಯುವುದು ಬೇರೆ, ವಿಷ ಹೋಗುವುದು ಬೇರೆ. ರಾಜ್ಮಾದ ವಿಷಯದಲ್ಲಿ ಇದು ಬ್ಯಾಕ್ಟೀರಿಯಾದ ಮಾತಲ್ಲ, ಕಾಳಿನ ಒಳಗೇ ಇರುವ ಫೈಟೋಹೀಮಗ್ಲುಟಿನಿನ್ ಎಂಬ ಪ್ರೋಟೀನಿನ ಮಾತು. ಕೆಂಪು ರಾಜ್ಮಾದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು. ಹಸಿ ಕಾಳು ನಾಲ್ಕೈದು ಹೊಟ್ಟೆಗೆ ಹೋದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ, ಆಮೇಲೆ ಭೇದಿ. ಚೆನ್ನಾಗಿ ಕುದಿಸಿದರೆ ಈ ಪ್ರೋಟೀನು ನಾಶವಾಗುತ್ತದೆ. ಕುದಿಯದೆ ಬರೀ ಬಿಸಿಯಾಗಿ ಉಳಿದರೆ ಆಗುವುದಿಲ್ಲ. 80 ಡಿಗ್ರಿಯ ಸುತ್ತ ಬೇಯಿಸಿದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚು ವಿಷವಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಸಿದೆ.

ಒಂದು ಕುದಿ ಬರಿಸಿ ಚೀಲಕ್ಕಿಟ್ಟ ಪಾತ್ರೆ ಗಂಟೆಗಟ್ಟಲೆ ಹೊತ್ತು ಕಳೆಯುವುದು ಎಲ್ಲಿ? ಸರಿಯಾಗಿ ಆ ಎಂಬತ್ತರ ಆಸುಪಾಸಿನಲ್ಲೇ. ಕಾಳು ಮೆತ್ತಗಾಗಿರುತ್ತದೆ, ಬೆರಳಲ್ಲಿ ಒತ್ತಿದರೆ ನುಣ್ಣಗಾಗುತ್ತದೆ, ರುಚಿಯೂ ಇರುತ್ತದೆ. ಮೆತ್ತಗಾದದ್ದನ್ನು ನೋಡಿ ಬೆಂದಿದೆ ಎನ್ನುವುದು ನಮ್ಮ ಜೀವಮಾನದ ಅಭ್ಯಾಸ, ಈ ಕಾಳಿನ ಮುಂದೆ ಆ ಅಭ್ಯಾಸ ಕೈಕೊಡುತ್ತದೆ. 1976ರಿಂದ 1989ರ ನಡುವೆ ಬ್ರಿಟನ್ನಿನಲ್ಲಿ ರಾಜ್ಮಾ ವಿಷದ 50 ಅನುಮಾನಿತ ಪ್ರಕರಣಗಳನ್ನು ವಿಜ್ಞಾನಿಗಳು ಒಟ್ಟುಮಾಡಿ ಪರಿಶೀಲಿಸಿದ್ದಾರೆ. ರಾಜ್ಮಾವನ್ನು ದಿನನಿತ್ಯ ತಿನ್ನುವ ನಮ್ಮಲ್ಲಿ ಈ ಸುದ್ದಿ ಅಪರೂಪವಾಗಿರುವುದಕ್ಕೆ ಕಾರಣ ನಮ್ಮ ಪ್ರೆಷರ್ ಕುಕ್ಕರ್. 120 ಡಿಗ್ರಿಯ ಹತ್ತಿರದ ಆವಿಯಲ್ಲಿ ನಾಲ್ಕು ಸೀಟಿ ಕೂಗಿದ ಮೇಲೆ ಆ ಪ್ರೋಟೀನಿನ ಆಟ ನಡೆಯುವುದಿಲ್ಲ. ಕುಕ್ಕರ್ ಬಿಟ್ಟು ಚೀಲ ಹಿಡಿದವರು ಆ ರಕ್ಷಣೆಯನ್ನೂ ಬಿಟ್ಟಂತೆ.

ಮಾಡಬೇಕಾದದ್ದು ಇಷ್ಟು: ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗುಳುಗುಳು ಎನ್ನುವ ಜೋರು ಕುದಿಯಲ್ಲಿ ಮೂವತ್ತು ನಿಮಿಷ ಇಟ್ಟು, ಆಮೇಲೆ ಚೀಲಕ್ಕೆ. ಹತ್ತು ನಿಮಿಷ ಸಾಕೆನ್ನುವ ಸಲಹೆಯೂ ಇದೆ, ನಾನು ಮೂವತ್ತರ ಪಕ್ಷ. ಕುಕ್ಕರಿನಲ್ಲಿ ಬೇಯಿಸಿದ ಕಾಳನ್ನು ಮಸಾಲೆಯೊಂದಿಗೆ ಕುದಿಸಿ ಚೀಲಕ್ಕಿಡುವುದು ಇನ್ನೂ ಸುಲಭ. ನಮ್ಮ ಹುರುಳಿಕಾಯಿಯ ಬಲಿತು ಒಣಗಿದ ಬೀಜವೂ ಇದೇ ಜಾತಿಯದು, ಅದಕ್ಕೂ ಇದೇ ನಿಯಮ. ತೊಗರಿಬೇಳೆ, ಹೆಸರುಬೇಳೆಗೆ ಈ ಭಯವಿಲ್ಲ.

“ಮಧ್ಯೆ ಮುಚ್ಚಳ ತೆಗೆದು ಮಸಾಲೆ ಹಾಕಿ ಮತ್ತೆ ಮುಚ್ಚಿಟ್ಟರಾಯಿತು”

ನಮ್ಮ ಅಡುಗೆಯಲ್ಲಿ ಇದು ದಿನದ ಮಾತು, ಯಾಕೆಂದರೆ ಬೇಳೆ-ತರಕಾರಿ ಬೆಂದ ಮೇಲೆಯೇ ರುಬ್ಬಿದ್ದು ಬೀಳುವುದು. ಲೆಕ್ಕ ಹಾಕೋಣ. ಮೂರು ಲೀಟರ್ ಬೇಳೆ-ಕುಂಬಳಕಾಯಿ 97 ಡಿಗ್ರಿಯಲ್ಲಿ ಚೀಲಕ್ಕೆ ಹೋಯಿತು, ಎರಡು ಗಂಟೆಗೆ 85ಕ್ಕೆ ಇಳಿಯಿತು ಅನ್ನಿ. ಹಿಂದಿನ ರಾತ್ರಿ ರುಬ್ಬಿ ಫ್ರಿಜ್ಜಿನಲ್ಲಿಟ್ಟ ತೆಂಗಿನಕಾಯಿ ಮಸಾಲೆ ಅರ್ಧ ಲೀಟರ್, 8 ಡಿಗ್ರಿಯದು, ಅದರ ಮೇಲೆ ಬಿತ್ತು. ಕದಡಿದ ಕೂಡಲೇ ಪಾತ್ರೆ 74ಕ್ಕೆ ಬರುತ್ತದೆ. ತೆರೆದ ಬಾಯಿಂದ ಹೋದ ಆವಿಯ ನಷ್ಟ ಬೇರೆ. 97ರಿಂದ 60ಕ್ಕೆ ಇಳಿಯಲು ಇದ್ದ ಅವಕಾಶ 37 ಡಿಗ್ರಿ, ಅದರಲ್ಲಿ 23 ಕೈಬಿಟ್ಟಿತು. ಜೊತೆಗೆ ಆ ಮಸಾಲೆಯಲ್ಲಿ ಹಸಿ ತೆಂಗಿನಕಾಯಿ ಇದೆ, ಕೊತ್ತಂಬರಿ ಬೀಜ ಇದೆ, ಇವು ಒಂದು ಸಲವೂ ಕುದಿ ಕಂಡಿಲ್ಲ. ಮಸಾಲೆ ಹಾಕಿದ ಮೇಲೆ ಪಾತ್ರೆ ಮತ್ತೆ ಒಲೆಯ ಮೇಲೆ ಹೋಗಬೇಕು, ನಡುವೆ ಬೊಬ್ಬೆ ಏಳುವ ತನಕ ಕುದಿದು ಹಿಂದಿರುಗಬೇಕು. ಎರಡು ನಿಮಿಷದ ಗ್ಯಾಸ್ ಉಳಿಸಿ ಯಾರೂ ಶ್ರೀಮಂತರಾಗಿಲ್ಲ.

ಹುಣಸೆ ಹಾಕಿದ ಹುಳಿ ಕೆಡುವುದಿಲ್ಲ ಎನ್ನುವವರೂ ಇದ್ದಾರೆ. ಹುಳಿಯ ಅಂಶ ಬ್ಯಾಕ್ಟೀರಿಯಾಗಳಿಗೆ ತಡೆ ಒಡ್ಡುವುದು ನಿಜವೇ, ಆದರೆ ಅದಕ್ಕೂ ಒಂದು ಗೆರೆಯಿದೆ: ಪಿಎಚ್ 4.6ಕ್ಕಿಂತ ಕೆಳಗೆ. ಬೇಳೆ, ಕಾಯಿ, ಬೆಲ್ಲ ಬಿದ್ದ ಸಾಂಬಾರು ನಾಲಿಗೆಗೆ ಹುಳಿ ಅನಿಸಿದ ಮಾತ್ರಕ್ಕೆ ಆ ಗೆರೆ ದಾಟಿದೆ ಎನ್ನಲಾಗದು. ಹುಣಸೆಯನ್ನು ಮೊದಲೇ ಹಾಕಿದರೆ ಬೇಳೆ ಬೇಯದೆ ಗಟ್ಟಿ ಉಳಿಯುತ್ತದೆ, ಆ ತೊಂದರೆ ಬೇರೆ.

“ಮೇಲೆ ಚೆನ್ನಾಗಿ ಹುರಿದರೆ ಮಾಂಸ ಅರ್ಧ ಬೆಂದಂತೆ”

ಹೊರಮೈ ಕಂದಾಗುವುದು ರುಚಿಗೆ. ಒಳಗೆ ಶಾಖ ಹೋಗುವುದು ಬಹಳ ನಿಧಾನ. ತುಂಡಿನ ದಪ್ಪ ಎರಡು ಪಟ್ಟಾದರೆ ನಡುವಿಗೆ ಬಿಸಿ ಮುಟ್ಟುವ ಹೊತ್ತು ಸುಮಾರು ನಾಲ್ಕು ಪಟ್ಟು. ಇಡೀ ಕೋಳಿಯನ್ನು ಚೀಲಕ್ಕೆ ಹಾಕುವ ಪಾಕವಿಧಾನಗಳನ್ನು ನೋಡಿದಾಗ ನನಗೆ ಇದೇ ಲೆಕ್ಕ ನೆನಪಾಗುತ್ತದೆ. ಸಣ್ಣ ತುಂಡು ಮಾಡಿ. ಫ್ರೀಜರಿನಿಂದ ತೆಗೆದದ್ದು ಪೂರ್ತಿ ಕರಗಿರಲಿ. ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಬೇಕು, ಅದು ಒಲೆಯ ಮೇಲೇ ಆಗಬೇಕು, ಚೀಲದಲ್ಲಿ ಆದೀತು ಎಂಬ ನಂಬಿಕೆಯ ಮೇಲಲ್ಲ.

“ತಣ್ಣಗಾಗಿದ್ದರೆ ಇನ್ನೊಮ್ಮೆ ಕುದಿಸಿದರೆ ಎಲ್ಲ ಸತ್ತುಹೋಗುತ್ತವೆ”

ಪರ್ಫ್ರಿಂಜೆನ್ಸ್ ಮಟ್ಟಿಗೆ ಇದು ಬಹುಮಟ್ಟಿಗೆ ಸರಿ, ಅದರ ಜೀವಂತ ಕೋಶಗಳು ಮರುಕುದಿಗೆ ಸಾಯುತ್ತವೆ. ಅನ್ನದ ಗೆಳೆಯ ಬ್ಯಾಸಿಲಸ್ ಸೀರಿಯಸ್ ಹಾಗಲ್ಲ. ಅಕ್ಕಿಯಲ್ಲಿ ಇದರ ಬೀಜಕ ಇದ್ದೇ ಇರುತ್ತದೆ. ಅನ್ನ ಕೋಣೆಯ ಬಿಸಿಗೆ ಇಳಿದು ಗಂಟೆಗಟ್ಟಲೆ ನಿಂತಾಗ ಇದು ಬೆಳೆದು ಸೆರ್ಯುಲೈಡ್ ಎಂಬ ವಿಷವನ್ನು ಅನ್ನದೊಳಗೇ ಬಿಡುತ್ತದೆ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. ಕುದಿತವಿರಲಿ, ಪ್ರೆಷರ್ ಕುಕ್ಕರಿನ ಶಾಖಕ್ಕೂ ಅದು ಜಗ್ಗುವುದಿಲ್ಲ. ಉಂಡು ಒಂದರಿಂದ ಆರು ಗಂಟೆಯೊಳಗೆ ವಾಂತಿ.

ಕರಾವಳಿಯ ಥರ್ಮಲ್ ಕುಕ್ಕರಿಗೆ ಈ ಮಾತು ನೇರವಾಗಿ ತಾಗುತ್ತದೆ. ಬೆಳಿಗ್ಗೆ ಕುದಿಸಿ ಒಳಗಿಟ್ಟ ಕುಚ್ಚಲಕ್ಕಿ ಮಧ್ಯಾಹ್ನಕ್ಕೆ ಹದವಾಗಿ ಅರಳಿರುತ್ತದೆ, ತಿಳಿ ಬಸಿದು ಉಣ್ಣುವುದರಲ್ಲಿ ಯಾವ ತಕರಾರೂ ಇಲ್ಲ. ಉಳಿದದ್ದನ್ನು ‘ಬಿಸಿಯಾಗಿರಲಿ’ ಎಂದು ರಾತ್ರಿಯ ಊಟಕ್ಕೆ ಅಲ್ಲೇ ಬಿಡುವುದು ತಪ್ಪು. ಅರ್ಧ ಖಾಲಿಯಾದ, ನಾಲ್ಕು ಸಲ ಬಾಯಿ ತೆರೆದ ಆ ಪಾತ್ರೆ ಸಂಜೆಗೆ ಉಗುರುಬೆಚ್ಚಗಿರುತ್ತದೆ, ಅಷ್ಟೇ.

ಹಳಸಿದ ವಾಸನೆ ಬಂದಿಲ್ಲವಲ್ಲ ಎಂದು ಮೂಗನ್ನು ಸಾಕ್ಷಿಗೆ ಕರೆಯಬೇಡಿ. ಅನ್ನ ನೂಲಾಗಿಸುವ, ಸಾರು ನೊರೆಯಾಗಿಸುವ ಬ್ಯಾಕ್ಟೀರಿಯಾಗಳು ಬೇರೆ, ಕಾಯಿಲೆ ತರುವವು ಬೇರೆ. ಎರಡನೆಯವು ಎಷ್ಟೋ ಸಲ ವಾಸನೆ, ಬಣ್ಣ, ರುಚಿ ಯಾವುದನ್ನೂ ಕದಲಿಸುವುದಿಲ್ಲ.

“ಬಿಸಿ ಪದಾರ್ಥ ಫ್ರಿಜ್ಜಿಗೆ ಇಡಬಾರದು, ಚೀಲದಲ್ಲೇ ಆರಲಿ”

ಆರಿಸುವುದಕ್ಕೆ ಚೀಲಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಉಳಿದದ್ದನ್ನು ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಕದಡಿದರೆ ಅರ್ಧ ಗಂಟೆಯೊಳಗೆ ಫ್ರಿಜ್ಜಿಗೆ ಇಡುವ ಹದಕ್ಕೆ ಬರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜು ಸೇರಬೇಕು. ತುಸು ಬೆಚ್ಚಗಿದ್ದರೆ ಈಗಿನ ಫ್ರಿಜ್ಜುಗಳಿಗೆ ಏನೂ ಆಗುವುದಿಲ್ಲ.

“ಹಿಂದಿನವರು ಹೀಗೇ ಮಾಡುತ್ತಿದ್ದರು, ಅವರಿಗೇನಾಗಿತ್ತು?”

ನಮ್ಮ ಹಿಂದಿನವರು ಮಾಡುತ್ತಿದ್ದದ್ದು ಹೀಗಲ್ಲ. ಗಂಜಿಯ ಮಡಕೆ ಒಲೆಯ ಮೇಲೇ ಇರುತ್ತಿತ್ತು, ಕೆಳಗೆ ಕೆಂಡ ಇರುತ್ತಿತ್ತು. ಕೆಂಡ ಶಾಖ ಕೊಡುತ್ತದೆ, ಬಟ್ಟೆ ಕೊಡುವುದಿಲ್ಲ. ಮಾಡಿದ್ದು ಆ ಹೊತ್ತಿಗೇ ಖರ್ಚಾಗುವಷ್ಟು ಜನ ಮನೆಯಲ್ಲಿರುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಮುಚ್ಚಿಟ್ಟು, ಆಫೀಸು ಮುಗಿಸಿ, ಟ್ರಾಫಿಕ್ಕು ದಾಟಿ ರಾತ್ರಿ ಎಂಟೂವರೆಗೆ ಬಿಚ್ಚುವುದು ನಮ್ಮ ಕಾಲದ ಪದ್ಧತಿ. ಇನ್ನು ಏನೂ ಆಗುತ್ತಿರಲಿಲ್ಲ ಎಂಬುದಕ್ಕೆ ಬಂದರೆ, ಹೊಟ್ಟೆ ಕೆಟ್ಟಾಗ ದೃಷ್ಟಿ ನಿವಾಳಿಸುತ್ತಿದ್ದ ಮನೆಗಳಲ್ಲಿ ಸಾರಿನ ಮೇಲೆ ಅನುಮಾನ ಪಡುವವರು ಇರಲಿಲ್ಲ.

“ಇಷ್ಟೆಲ್ಲ ರಗಳೆ ಇದ್ದರೆ ಚೀಲವೇ ಬೇಡ”

ಇದೂ ತಪ್ಪೇ. ಅನ್ನ, ಬೇಳೆ, ಗಂಜಿ, ನೆನೆಸಿದ ಕಡಲೆ, ಸಣ್ಣ ತುಂಡಿನ ಮಾಂಸದ ಸಾರು, ಇವು ನಾಲ್ಕೈದು ಗಂಟೆಯೊಳಗೆ ಬಿಚ್ಚಿ ಉಣ್ಣುವುದಾದರೆ ಚೀಲಕ್ಕೆ ಹೇಳಿ ಮಾಡಿಸಿದವು. ನಿಮ್ಮ ಚೀಲ ನಿಜವಾಗಿ ಎಷ್ಟು ಗಂಟೆ ತಡೆಯುತ್ತದೆ ಎಂಬುದನ್ನು ಲೇಬಲ್ ಹೇಳಲಾರದು, ಏಕೆಂದರೆ ಅದಕ್ಕೆ ನಿಮ್ಮ ಪಾತ್ರೆ ಗೊತ್ತಿಲ್ಲ, ನಿಮ್ಮ ಊರಿನ ಡಿಸೆಂಬರ್ ಗೊತ್ತಿಲ್ಲ. ಒಂದು ಭಾನುವಾರ ಪಾತ್ರೆ ತುಂಬ ನೀರು ಕುದಿಸಿ ಚೀಲಕ್ಕಿಡಿ. ನಾಲ್ಕು ಗಂಟೆ ಬಿಟ್ಟು ಬಿಚ್ಚಿ ಅಳೆಯಿರಿ. ಇನ್ನೊಂದು ದಿನ ಮತ್ತೆ ಕುದಿಸಿಟ್ಟು ಆರು ಗಂಟೆಗೆ, ಮತ್ತೊಂದು ದಿನ ಎಂಟು ಗಂಟೆಗೆ. ಒಂದೇ ದಿನ ಮೂರು ಸಲ ತೆರೆದರೆ ಲೆಕ್ಕ ತಪ್ಪುತ್ತದೆ. 65 ತೋರಿಸಿದ ಗಂಟೆಯನ್ನೇ ನಿಮ್ಮ ಗಡುವು ಮಾಡಿಕೊಳ್ಳಿ, ಸಂಖ್ಯೆಯನ್ನು ಚೀಲದ ಒಳಮೈಗೆ ಮಾರ್ಕರಿನಲ್ಲಿ ಬರೆದಿಡಿ. ಆಮೇಲೆ ಅರ್ಧ ಪಾತ್ರೆ ನೀರಿಗೂ ಇದೇ ಪರೀಕ್ಷೆ ಮಾಡಿ, ಅದರ ಸಂಖ್ಯೆಯನ್ನು ಪಕ್ಕದಲ್ಲೇ ಬರೆಯಿರಿ.